ಕೆಟ್ಟ ದಿನದ ಅಳತೆಗೆ ಕೈತೋಟ

ಮಂಡಿ, ಸೊಂಟ, ಹೆಗಲು, ಕೈಬೆರಳುಗಳ ನೋವಿನ ನಡುವೆಯೂ ತರಕಾರಿ ಬೆಳೆಯುತ್ತಿರುವ ಕೈತೋಟ ಬಳಗಗಳ ಸದಸ್ಯರಿಗೆ ಬಹಿರಂಗ ಪತ್ರ



ಕೈತೋಟದ ಕೆಲಸ ಬಹುಪಾಲು ನಡೆಯುವುದು ಮೊಣಕಾಲಿನಿಂದ ಕೆಳಗೆ. ಮಡಿ ಕಟ್ಟುವುದು, ಸಸಿ ನೆಡುವುದು, ಕಳೆ ಕೀಳುವುದು, ಬುಡಕ್ಕೆ ಮಣ್ಣು ಏರಿಸುವುದು, ಸೊಪ್ಪು ಕೊಯ್ಯುವುದು, ಇವೆಲ್ಲಕ್ಕೂ ಒಂದೋ ಸೊಂಟ ಬಗ್ಗಿಸಬೇಕು, ಇಲ್ಲವೇ ಕುಕ್ಕರಗಾಲಿನಲ್ಲಿ ಕೂರಬೇಕು. ಮೊದಲನೆಯದು ಬೆನ್ನಿಗೆ ಆಗದು, ಎರಡನೆಯದು ಮಂಡಿಗೆ ಆಗದು. ಆದ್ದರಿಂದಲೇ ವೈದ್ಯರು “ಇನ್ನು ನೆಲದಲ್ಲಿ ಕೂರುವುದು ಬೇಡ, ಭಾರ ಎತ್ತುವುದು ಬೇಡ” ಎಂದ ಮರುದಿನವೇ ಎಷ್ಟೋ ಮನೆಗಳಲ್ಲಿ ಹಿತ್ತಲು ಪಾಳು ಬೀಳುತ್ತದೆ. ವೈದ್ಯರ ಮಾತು ಸರಿಯೇ. ಅದನ್ನು ಕೇಳಿಸಿಕೊಂಡ ಮನೆಯವರು “ಇನ್ನು ತೋಟ ಸಾಕು” ಎಂದು ತೀರ್ಮಾನಿಸುವುದು ಮಾತ್ರ ಅವಸರದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿ, ದೀರ್ಘಕಾಲದ ಕಾಯಿಲೆ ಇರುವ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕು ಎನ್ನುತ್ತದೆ. ಸಂಧಿಸವೆತಕ್ಕೆ, ಎಂದರೆ ಆಸ್ಟಿಯೋಆರ್ಥ್ರೈಟಿಸ್‌ಗೆ, ಹೇಳುವ ಮೊದಲ ಚಿಕಿತ್ಸೆಯೂ ಚಲನೆಯೇ. ತೊಡೆಯ ಸ್ನಾಯು ಸೊರಗಿದಷ್ಟೂ ಮಂಡಿಯ ಮೇಲಿನ ಹೊರೆ ಹೆಚ್ಚು. ತೋಟವನ್ನು ಉಳಿಸಿಕೊಂಡು ಅದರಲ್ಲಿ ದುಡಿಯುವ ರೀತಿಯನ್ನು ಬದಲಿಸಿಕೊಳ್ಳುವುದು ಹೇಗೆ ಎಂಬುದು ಈ ಪತ್ರದ ವಿಷಯ.

ಮೊದಲು ನೋವು ಯಾವುದೆಂದು ತಿಳಿದಿರಬೇಕು. ಸಂಧಿಸವೆತದಲ್ಲಿ ಬೆಳಿಗ್ಗೆ ಎದ್ದಾಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ದುಡಿದ ಮೇಲೆ ನೋವು ಏರುತ್ತದೆ. ಬಿಗಿತ ಒಂದು ಗಂಟೆ ದಾಟಿ, ಎರಡೂ ಕೈಗಳ ಬೆರಳ ಗಿಣ್ಣುಗಳು, ಮಣಿಕಟ್ಟು ಊದಿಕೊಂಡಿದ್ದರೆ ಅದು ಆಮವಾತ, ಎಂದರೆ ರುಮಟಾಯ್ಡ್ ಆರ್ಥ್ರೈಟಿಸ್, ಆಗಿರುವ ಸಂಭವ ಹೆಚ್ಚು. ಅದಕ್ಕೆ ಎಣ್ಣೆ ತಿಕ್ಕುತ್ತ ತಿಂಗಳು ಕಳೆದರೆ ಕೀಲು ಹಾಳಾಗುತ್ತದೆ. ಸೊಂಟನೋವಿನ ಜೊತೆ ಕಾಲು ಮರಗಟ್ಟುವುದು, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರದೊಂದಿಗೆ ಬಂದ ನೋವು, ಮಲಗಿದರೂ ಬಿಡದ ರಾತ್ರಿ ನೋವು, ಕಾರಣವಿಲ್ಲದೆ ಇಳಿಯುವ ತೂಕ, ಇವೂ ತೋಟದ ಸಲಹೆಗಳಿಗೆ ಸೇರಿದವಲ್ಲ. ಮೂರು ತಿಂಗಳು ಮೀರಿ ಉಳಿದ, ವೈದ್ಯರು ನೋಡಿ ಹೆಸರಿಟ್ಟ ನೋವಿಗೆ ಮುಂದಿನ ಮಾತುಗಳು ಅನ್ವಯಿಸುತ್ತವೆ.

ಬೆನ್ನಿನ ವಿಷಯದಲ್ಲಿ ಅಂದಾಜು ಬೇಕಿಲ್ಲ, ಅಳತೆಯೇ ಇದೆ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಬೆನ್ನಿನ ಡಿಸ್ಕಿಗೆ ಸೂಜಿ ತೂರಿಸಿ ಒಳಗಿನ ಒತ್ತಡ ಅಳೆದರು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಅದನ್ನು ಹೊಸ ಉಪಕರಣದಿಂದ ಮತ್ತೆ ಅಳೆದು ಪ್ರಕಟಿಸಿದರು. ಅದು ಒಬ್ಬನೇ ವ್ಯಕ್ತಿಯ ಮೇಲೆ ನಡೆದ ಅಳತೆ. ಆದರೂ ಹೋಲಿಕೆಗೆ ಸಾಕು. ಸುಮ್ಮನೆ ನಿಂತಾಗ 0.5 ಮೆಗಾಪಾಸ್ಕಲ್ ಇದ್ದ ಒತ್ತಡ ಮುಂದಕ್ಕೆ ಬಗ್ಗಿದಾಗ 1.1ಕ್ಕೆ ಏರಿತು. ಬೆನ್ನು ಬಾಗಿಸಿ 20 ಕೆಜಿ ಎತ್ತಿದಾಗ 2.3, ಮಂಡಿ ಮಡಿಸಿ ಬೆನ್ನು ನೇರವಿಟ್ಟು ಎತ್ತಿದಾಗ 1.7. ಎಲ್ಲರೂ ಹೇಳುವ “ಮಂಡಿ ಮಡಿಸಿ ಎತ್ತಿ” ಎಂಬ ಸಲಹೆಯಿಂದ ಉಳಿಯುವುದು ಕಾಲುಭಾಗ ಮಾತ್ರ. ಮಂಡಿಯೂ ನೋಯುತ್ತಿದ್ದರೆ ಆ ಉಳಿತಾಯವೂ ದುಬಾರಿಯೇ. ಎತ್ತುವ ಭಂಗಿಯ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕಿಂತ ಎತ್ತುವ ತೂಕವನ್ನು ಅರ್ಧಕ್ಕಿಳಿಸುವುದು ಲೇಸು.

ಅದೇ ಅಳತೆಯಲ್ಲಿ ಇನ್ನೊಂದು ಸಂಗತಿ ಇತ್ತು. ಏಳು ಗಂಟೆಯ ನಿದ್ದೆಯಲ್ಲಿ ಡಿಸ್ಕಿನ ಒತ್ತಡ 0.1ರಿಂದ 0.24ಕ್ಕೆ ಏರಿತ್ತು. ರಾತ್ರಿಯಿಡೀ ನೀರು ಹೀರಿ ಉಬ್ಬಿದ ಡಿಸ್ಕ್ ಬೆಳಿಗ್ಗೆ ಬಗ್ಗುವುದಕ್ಕೆ ಸಿದ್ಧವಾಗಿರುವುದಿಲ್ಲ. ಅಮೆರಿಕದ ಸ್ಟೋವರ್ ಸ್ನೂಕ್ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದ್ದ ಮೊದಲ ಎರಡು ಗಂಟೆ ಬಗ್ಗುವುದನ್ನು ಬಿಟ್ಟ ಹಳೆಯ ಸೊಂಟನೋವಿನವರಿಗೆ ನೋವು ಇಳಿದಿತ್ತು. ನಮ್ಮಲ್ಲಿ ರೂಢಿ ಇದಕ್ಕೆ ತೀರಾ ವಿರುದ್ಧ. ಬೆಳಗಾಗುತ್ತಲೇ, ಬಿಸಿಲೇರುವ ಮುಂಚೆ, ಕಾಫಿಗೂ ಮೊದಲೇ ಕಳೆ ಕೀಳಲು ಕೂರುವುದು ಶಿಸ್ತಿನ ಲಕ್ಷಣವೆಂದೇ ಹೆಸರಾಗಿದೆ. ಸೊಂಟನೋವಿದ್ದವರು ಬೆಳಿಗ್ಗೆ ನಿಂತು ಮಾಡುವ ಕೆಲಸಗಳನ್ನು ಇಟ್ಟುಕೊಳ್ಳಬಹುದು: ಪೈಪಿನಿಂದ ನೀರು ಬಿಡುವುದು, ಬಳ್ಳಿ ಹಬ್ಬಿಸುವುದು, ಎದೆಮಟ್ಟದ ಕಾಯಿ ಬಿಡಿಸುವುದು. ನೆಲದ ಕೆಲಸ ಸಂಜೆಗಿರಲಿ.

ಮಂಡಿಗೆ ಅತಿ ಕಷ್ಟದ್ದು ಪೂರ್ತಿ ಮಡಿಸಿದ ಸ್ಥಿತಿ, ಅದಕ್ಕಿಂತ ಕಷ್ಟದ್ದು ಆ ಸ್ಥಿತಿಯಿಂದ ಏಳುವುದು. ಹಾಗಾಗಿ ಅಡುಗೆಮನೆಯ ಗಿಡ್ಡ ಮಣೆಯನ್ನು ತೋಟಕ್ಕೆ ಒಯ್ಯುವುದರಿಂದ ಏನೂ ಉಳಿಯದು. ಮಂಡಿಗಿಂತ ಸ್ವಲ್ಪ ಎತ್ತರಕ್ಕೆ, ಸುಮಾರು ಒಂದೂವರೆ ಅಡಿಗೆ, ಬರುವ ಗಟ್ಟಿ ಸ್ಟೂಲು ಬೇಕು. ಅದರ ಮೇಲೆ ಕೂತು ಉದ್ದ ಹಿಡಿಯ ಕುರ್ಚಿಗೆಯಿಂದ ಕಳೆ ಕೆರೆಯಬಹುದು. ಮಂಡಿಯೂರಲು ಆಗುವವರು ನಾಲ್ಕು ಮಡಿಕೆ ಹಾಕಿದ ಗೋಣಿಚೀಲದ ಮೇಲೆ ಊರಿ, ಏಳುವಾಗ ಹಿಡಿಯಲು ಪಕ್ಕದಲ್ಲೊಂದು ಗೂಟ ಹುಗಿದಿರಬೇಕು. ತಾರಸಿ ತೋಟದವರಿಗೆ ಮಂಡಿಯ ಶತ್ರು ಮೆಟ್ಟಿಲು. ದಿನಾ ಬೇಕಾಗುವ ಕೊತ್ತಂಬರಿ, ಮೆಣಸಿನಕಾಯಿ, ದೊಡ್ಡಪತ್ರೆಗಳನ್ನು ಕೆಳಗೆ ಅಡುಗೆಮನೆಯ ಬಾಗಿಲಿಗಿಟ್ಟು, ಎರಡು ದಿನಕ್ಕೊಮ್ಮೆ ನೋಡಿದರೆ ಸಾಕಾಗುವವನ್ನು ಮಾತ್ರ ಮೇಲಕ್ಕೆ ಕಳಿಸಬೇಕು.

ಕೈಬೆರಳಿನ ನೋವು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಬಸಳೆಯ ಕುಡಿಯನ್ನು ಉಗುರಿನಿಂದ ಚಿವುಟುವಾಗ ಹೆಬ್ಬೆರಳ ತುದಿಗೆ ಬೀಳುವ ಬಲ, ಅದರ ಬುಡದ ಕೀಲನ್ನು ತಲುಪುವ ಹೊತ್ತಿಗೆ ಹತ್ತು ಪಟ್ಟಿಗೂ ಹೆಚ್ಚಾಗಿರುತ್ತದೆ. ಒಂದು ಸಾರಿಗೆ ಆಗುವಷ್ಟು ಅಲಸಂದೆ ಬಿಡಿಸುವುದೆಂದರೆ ಆ ಕೀಲಿಗೆ ನೂರಾರು ಪೆಟ್ಟು. ಕತ್ತರಿ ಬಳಸಿದರೆ ಹೊರೆ ಇಡೀ ಅಂಗೈಗೆ ಹಂಚಿಹೋಗುತ್ತದೆ. ತಾನೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿಯಾದರೆ ಇನ್ನೂ ಮೇಲು. ಕುರ್ಚಿಗೆಯ ಹಿಡಿ ತೆಳ್ಳಗಿದ್ದಷ್ಟೂ ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಉದ್ದುದ್ದ ಸೀಳಿ, ಎಳೆದು ಬಿಗಿಮಾಡಿ ಹಿಡಿಗೆ ಸುತ್ತಿ, ಬೆರಳುಗಳು ಪೂರ್ತಿ ಮುಚ್ಚದಷ್ಟು ದಪ್ಪ ಮಾಡಿಕೊಂಡರೆ ಒದ್ದೆ ಕೈಯಲ್ಲೂ ಜಾರುವುದಿಲ್ಲ. ನೀರಿನ ಬಕೆಟ್ಟಿನ ಸಪೂರ ತಂತಿ ಹಿಡಿಗೂ ಇದೇ ಉಪಾಯ. ತರಕಾರಿಯ ಚೀಲವನ್ನು ಬೆರಳಿಗೆ ನೇತುಹಾಕದೆ ಮೊಣಕೈಗೆ ಹಾಕಿಕೊಳ್ಳುವುದು, ಕುಂಡವನ್ನು ಅಂಚು ಹಿಡಿದು ಎತ್ತದೆ ತಳಕ್ಕೆ ಎರಡೂ ಅಂಗೈ ಕೊಟ್ಟು ಸರಿಸುವುದು ಚಿಕ್ಕ ಬದಲಾವಣೆಗಳು. ಬೆರಳಿಗೆ ಬೀಳುತ್ತಿದ್ದ ಕೆಲಸ ದೊಡ್ಡ ಕೀಲಿಗೆ ಹೋಗುತ್ತದೆ.

ಹೆಗಲಿನದು ಬೇರೆಯೇ ತಕರಾರು. ಸಕ್ಕರೆ ಕಾಯಿಲೆಯವರಲ್ಲಿ ಹೆಗಲು ಕಟ್ಟಿಕೊಳ್ಳುವುದು ಹೆಚ್ಚು. ಅವರಿಗೆ ಬಗ್ಗುವುದು ಸಲೀಸು, ಕೈ ಎತ್ತುವುದು ಕಷ್ಟ. ಆರಡಿ ಎತ್ತರದ ಚಪ್ಪರಕ್ಕೆ ಹಬ್ಬಿದ ಹೀರೆ, ಪಡವಲ ಬೆನ್ನುನೋವಿನವರಿಗೆ ವರವಾದರೆ ಇವರಿಗೆ ಶಾಪ. ಅದೇ ಬಳ್ಳಿಯನ್ನು ನಾಲ್ಕಡಿಯ ಬೇಲಿಗೋ ಓರೆಯಾಗಿ ನಿಲ್ಲಿಸಿದ ಬಲೆಗೋ ಹತ್ತಿಸಿದರೆ ಕಾಯಿ ಎದೆಮಟ್ಟದಲ್ಲೇ ತೂಗುತ್ತದೆ. ದೋಟಿ ಇದ್ದರಾಯಿತು ಎನ್ನುವವರು, ದೋಟಿಯನ್ನು ಎತ್ತಿ ಹಿಡಿಯುವುದೂ ಹೆಗಲೇ ಎಂಬುದನ್ನು ಮರೆತಿರುತ್ತಾರೆ.

ಏರುಮಡಿಯ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ, ಅಳತೆಯ ಬಗ್ಗೆ ಕಡಿಮೆ. ಒಂದೇ ಬದಿಯಿಂದ ಕೈ ಚಾಚುವ ಮಡಿಯ ಅಗಲ ಎರಡಡಿ ಮೀರಬಾರದು. ಎರಡೂ ಬದಿಯಲ್ಲಿ ಓಡಾಡಲು ಜಾಗವಿದ್ದರೆ ನಾಲ್ಕಡಿಯವರೆಗೆ ಹೋಗಬಹುದು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಎರಡರಿಂದ ಎರಡೂವರೆ ಅಡಿ ಎತ್ತರ, ನಿಂತು ಮಾಡುವವರಿಗೆ ಎರಡೂವರೆಯಿಂದ ಮೂರಡಿ. ಆದರೆ ಈ ಎತ್ತರ ಮಣ್ಣಿನದು, ಗಿಡದ್ದಲ್ಲ. ಮೂರಡಿಯ ಮಡಿಯಲ್ಲಿ ಮೂರಡಿಯ ಬದನೆ ಬೆಳೆದು ನಿಂತರೆ ಕಾಯಿ ಹುಡುಕಲು ಕತ್ತು ಎತ್ತಬೇಕಾಗುತ್ತದೆ. ಮೆಂತ್ಯ, ಕೊತ್ತಂಬರಿ, ಪಾಲಕ್, ಹರಿವೆಯಂಥ ಗಿಡ್ಡ ಬೆಳೆಗಳಿಗೆ ಎತ್ತರದ ಮಡಿ. ಟೊಮೆಟೊ, ಬದನೆ, ಬೆಂಡೆಗೆ ಒಂದು ಅಡಿ ಎತ್ತರವೇ ಸಾಕು, ಮಿಕ್ಕಿದ್ದನ್ನು ಗಿಡವೇ ಏರಿಸಿಕೊಳ್ಳುತ್ತದೆ. ದುಡ್ಡು ಉಳಿಯುವುದೂ ಇಲ್ಲೇ. ಜಾಗವೇ ಇಲ್ಲದವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ವರ್ಟಿಕಲ್ ಗಾರ್ಡನ್ ಚೌಕಟ್ಟು ಇದೆ. ಅದರ ಮೇಲಿನ ಮತ್ತು ನಡುವಿನ ಅಂತಸ್ತುಗಳು ನಿಂತವರ ಕೈಗೆ ಸಿಗುತ್ತವೆ, ಬುಡದವು ಸಿಗುವುದಿಲ್ಲ. ಬುಡಕ್ಕೆ ಕೈ ಹಾಕದೆಯೂ ಬದುಕುವ ಪುದೀನ, ಒಂದೆಲಗ ನೆಟ್ಟರೆ ಸರಿ.

ಇನ್ನು ತೂಕ. ಇಪ್ಪತ್ತು ಲೀಟರಿನ ಕುಂಡದಲ್ಲಿ ಹಸಿ ಮಣ್ಣು ತುಂಬಿದರೆ 30 ಕೆಜಿ ದಾಟುತ್ತದೆ. ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಹೆಚ್ಚಾಗಿ ಬೆರೆಸಿದರೆ ತೂಕ ಬಹಳ ಇಳಿಯುತ್ತದೆ. ಐದು ಕೆಜಿಯ ಕೋಕೋಪೀಟ್ ಇಟ್ಟಿಗೆ ನೀರು ಕುಡಿದು ಸುಮಾರು 70 ಲೀಟರಿನಷ್ಟು ಉಬ್ಬುತ್ತದೆ. ಏರುಮಡಿಯ ತಳದ ಮೂರನೇ ಒಂದು ಭಾಗಕ್ಕೆ ಕಾಯಿಸಿಪ್ಪೆ, ತರಗೆಲೆ ತುಂಬಿದರೆ ಮಣ್ಣೂ ಕಡಿಮೆ, ಹೊರುವ ಕೆಲಸವೂ ಕಡಿಮೆ. ಕುಂಡ ಎಲ್ಲಿರಬೇಕೋ ಅಲ್ಲೇ ಇಟ್ಟು ಬೋಗುಣಿಯಲ್ಲಿ ಸ್ವಲ್ಪ ಸ್ವಲ್ಪವೇ ತುಂಬಬೇಕು. ತುಂಬಿದ ಕುಂಡವನ್ನು ಹೊತ್ತು ಸಾಗಿಸುವ ಸಾಹಸಕ್ಕೆ ಆಮೇಲೆ ತೆರುವ ಬೆಲೆ ದೊಡ್ಡದು.

ಮಣ್ಣು ಹೊರುವುದು ವರ್ಷಕ್ಕೊಮ್ಮೆ, ನೀರು ಹೊರುವುದು ದಿನಾ. ಬೇಸಿಗೆಯಲ್ಲಿ ಕುಂಡಕ್ಕೆ ಎರಡು ಲೀಟರಿನಂತೆ ಇಪ್ಪತ್ತು ಕುಂಡಕ್ಕೆ 40 ಲೀಟರ್, ಎಂದರೆ ನಿತ್ಯ 40 ಕೆಜಿ. ಗೊಬ್ಬರಕ್ಕೂ ಬೀಜಕ್ಕೂ ಮೊದಲು ಹಣ ಹಾಕಬೇಕಾದ್ದು ಇಲ್ಲಿ. ಒಂದು ಮೀಟರ್ ಎತ್ತರದ ಕಟ್ಟೆಯ ಮೇಲೆ ಡ್ರಮ್ ಇಟ್ಟು ಹನಿ ಕೊಳವೆ ಎಳೆದರೆ ಸಣ್ಣ ತೋಟಕ್ಕೆ ಮೋಟಾರೇ ಬೇಕಿಲ್ಲ. ನಲ್ಲಿ ತಿರುಗಿಸಿದರೆ ಆಯಿತು. ನೆಲದ ಮಡಿಗಳಿಗೆ ಬಣ್ಣ ಬಳಿಯದ ಸುಟ್ಟ ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂತು ನೀರು ತುಂಬಿ ಮುಚ್ಚಿಡುವ ಹಳೆಯ ಪದ್ಧತಿಯೂ ಚೆನ್ನ. ಮಡಕೆ ನಿಧಾನವಾಗಿ ಜಿನುಗುತ್ತದೆ, ದಿನಾ ನೀರುಣಿಸುವ ಕೆಲಸ ತಪ್ಪುತ್ತದೆ, ನೋವು ಜೋರಾಗಿ ಎರಡು ದಿನ ಏಳಲಾಗದಿದ್ದರೂ ಗಿಡ ಸಾಯುವುದಿಲ್ಲ.

ಏಳಲಾಗದ ದಿನದ ಲೆಕ್ಕವೇ ಈ ಇಡೀ ವಿಷಯದ ನಡುಗಂಬ. ನೋವಿರುವವರ ತೋಟ ಹಾಳಾಗುವುದು ಹೆಚ್ಚಾಗಿ ನೋವು ಇಲ್ಲದ ದಿನ. ಭಾನುವಾರ ಮೈ ಹಗುರವಾಗಿದೆಯೆಂದು ವಾರದ ಕಳೆಯನ್ನೆಲ್ಲ ಒಂದೇ ಏಟಿಗೆ ಕಿತ್ತು, ಎರಡು ಮಡಿ ಹೊಸದಾಗಿ ಅಗೆದು, ಬುಧವಾರದವರೆಗೆ ಮಲಗಿರುವುದು ಎಲ್ಲ ಬಳಗಗಳಲ್ಲೂ ಕೇಳಿಬರುವ ಕಥೆ. ಆ ಮೂರು ದಿನದಲ್ಲಿ ನೆಟ್ಟ ಸಸಿ ಬಾಡಿರುತ್ತದೆ, ಮುಂದಿನ ಸಲ ತೋಟಕ್ಕಿಳಿಯಲು ಹೆದರಿಕೆಯೂ ಹುಟ್ಟಿರುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ದೀರ್ಘಕಾಲದ ನೋವಿನ ಚಿಕಿತ್ಸೆಯಲ್ಲಿ ಈ ಏರಿಳಿತವನ್ನು ಗುರುತಿಸಿ, 1976ರ ತಮ್ಮ ಪುಸ್ತಕದಲ್ಲಿ ಕೆಲಸವನ್ನು ಪಾಲು ಹಾಕಿ ಮಾಡುವ ಕ್ರಮವನ್ನು ವಿವರಿಸಿದರು. ನೋವು ಬಂದಾಗ ನಿಲ್ಲಿಸುವುದಲ್ಲ. ಮೊದಲೇ ಗೊತ್ತುಮಾಡಿದ ಹೊತ್ತಿಗೆ ನಿಲ್ಲಿಸುವುದು. ಕಳೆ ಕೀಳುತ್ತ ಇಪ್ಪತ್ತು ನಿಮಿಷಕ್ಕೆ ನೋವು ಏರುವುದಾದರೆ ಪಾಲು ಹದಿನೈದು ನಿಮಿಷ. ಮೊಬೈಲಿನಲ್ಲಿ ಗಂಟೆ ಬಾರಿಸಿದಾಗ ಅರ್ಧ ಸಾಲು ಉಳಿದಿದ್ದರೂ ಏಳಬೇಕು, ನಿಂತು ಮಾಡುವ ಇನ್ನೊಂದು ಕೆಲಸಕ್ಕೆ ಹೋಗಬೇಕು. ಪಾಲು ಸರಿಯಿದೆಯೇ ಎಂಬುದಕ್ಕೆ ಮರುದಿನ ಬೆಳಿಗ್ಗೆಯೇ ಸಾಕ್ಷಿ: ಕೆಲಸದಿಂದ ಏರಿದ ನೋವು ಅಷ್ಟರಲ್ಲಿ ಇಳಿದಿದ್ದರೆ ಮುಂದಿನ ವಾರ ಎರಡು ನಿಮಿಷ ಹೆಚ್ಚಿಸಬಹುದು, ಇಳಿಯದಿದ್ದರೆ ತಗ್ಗಿಸಬೇಕು. ಮೈ ಚೆನ್ನಾಗಿರುವ ದಿನವೂ ಪಾಲು ಮೀರಬಾರದು ಎಂಬ ಭಾಗವನ್ನು ಪಾಲಿಸುವುದೇ ಎಲ್ಲಕ್ಕಿಂತ ಕಷ್ಟ, ವಿಶೇಷವಾಗಿ ಜೀವಮಾನವಿಡೀ ಹೊಲ ಗದ್ದೆಯಲ್ಲಿ ದುಡಿದವರಿಗೆ.

ತೋಟದ ವಿಸ್ತಾರವೂ ಇದೇ ಲೆಕ್ಕದಿಂದ ಗೊತ್ತಾಗಬೇಕು. ಅತಿ ಕೆಟ್ಟ ವಾರದಲ್ಲೂ ನಿಭಾಯಿಸಬಹುದಾದಷ್ಟೇ ಕುಂಡ, ಅಷ್ಟೇ ಮಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಕಾರ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, ಸೊಪ್ಪು ಬೇಕು. ನಾಲ್ವರ ಮನೆಗೆ 1.6 ಕೆಜಿ. ನೋಯುವ ಮೈಯಿಂದ ಅಷ್ಟನ್ನೂ ಬೆಳೆಯುವ ಹಟ ಬೇಡ. ಪೇಟೆಯಲ್ಲಿ ಬೇಗ ಬಾಡುವ ಸೊಪ್ಪು, ದಿನಾ ಚೂರು ಚೂರೇ ಬೇಕಾಗುವ ಕರಿಬೇವು, ಹಸಿಮೆಣಸು ಮನೆಯಲ್ಲಿರಲಿ. ಈರುಳ್ಳಿ, ಕ್ಯಾರೆಟ್, ಎಲೆಕೋಸು ಅಂಗಡಿಯಿಂದ ಬರಲಿ.

ಬೆಳೆಯ ಆಯ್ಕೆಯಲ್ಲಿ ನೋಡಬೇಕಾದ್ದು ಎರಡೇ: ಒಮ್ಮೆ ನೆಟ್ಟರೆ ಎಷ್ಟು ಕಾಲ ಕೊಡುತ್ತದೆ, ವಾರ ಮರೆತರೆ ಕ್ಷಮಿಸುತ್ತದೆಯೇ. ತೊಂಡೆಯ ಒಂದು ತುಂಡು ಬಳ್ಳಿ ನೆಟ್ಟರೆ ವರ್ಷಗಟ್ಟಲೆ ಕಾಯಿ. ಬಸಳೆಯೂ ತುಂಡಿನಿಂದಲೇ ಹತ್ತುತ್ತದೆ, ಕೊಯ್ದಷ್ಟೂ ಚಿಗುರುತ್ತದೆ. ನುಗ್ಗೆಯಲ್ಲಿ ಪೆರಿಯಕುಳಂನ ಪಿಕೆಎಂ-1, ಬಾಗಲಕೋಟೆ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಭಾಗ್ಯ ತಳಿಗಳು ಬೀಜದಿಂದಲೇ ಬೇಗ ಫಲ ಕೊಡುತ್ತವೆ. ಗಿಡ 75 ಸೆಂಟಿಮೀಟರ್ ಆದಾಗ ತುದಿ ಚಿವುಟಿ, ಫಸಲು ಮುಗಿದ ಮೇಲೆ ನೆಲದಿಂದ ಸುಮಾರು ಮೂರಡಿಗೆ ಕಡಿಸಿಬಿಟ್ಟರೆ ಸೊಪ್ಪೂ ಕಾಯಿಯೂ ಕೈಗೆಟಕುವಲ್ಲೇ ಇರುತ್ತವೆ. ಬಿಟ್ಟರೆ ಮರವಾಗಿ ಹೆಗಲಿಗೆ ಕೆಲಸ ಕೊಡುತ್ತದೆ. ಬುಡಸಮೇತ ಕೀಳುವ ಹರಿವೆಯ ಬದಲು ಅರ್ಕಾ ಸುಗುಣದಂತೆ ಮತ್ತೆ ಮತ್ತೆ ಕೊಯ್ಯುವ ತಳಿ, ಗಿಡ ಬೀನ್ಸ್ ಬದಲು ಬಳ್ಳಿ ಬೀನ್ಸ್ ಹಾಕಿದರೆ ಬಿತ್ತನೆಯ ಸುತ್ತು ಒಂದು ತಪ್ಪುತ್ತದೆ, ಬಗ್ಗುವುದೂ ತಪ್ಪುತ್ತದೆ. ಬೇಲಿಗೆ ಚಕ್ರಮುನಿ ಒಳ್ಳೆಯದೇ, ಆದರೆ ಬೇಯಿಸಿ ಮಿತವಾಗಿ ತಿನ್ನಬೇಕು. 1990ರ ದಶಕದಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಅದರ ಹಸಿ ರಸ ಕುಡಿದವರಿಗೆ ಶ್ವಾಸಕೋಶವೇ ಕೆಟ್ಟಿತ್ತು. ಬದನೆ ನಂಜು, ಟೊಮೆಟೊ ಕೀಲಿಗೆ ಆಗದು ಎಂದು ಕಿತ್ತೆಸೆಯುವವರಿದ್ದಾರೆ. ಅವು ಸಂಧಿವಾತ ಹೆಚ್ಚಿಸುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ತಮಗೆ ಆಗದು ಎನಿಸಿದವರು ಕೆಲವು ವಾರ ಬಿಟ್ಟು ನೋಡಿ ತೀರ್ಮಾನಿಸಬಹುದು.

ಕಳೆಯ ಕೆಲಸವನ್ನು ಕಡಿಮೆ ಮಾಡಲು ಮುಚ್ಚಿಗೆಯೇ ದಾರಿ. ಒದ್ದೆ ಮಾಡಿದ ರಟ್ಟು ಅಥವಾ ನಾಲ್ಕೈದು ಪದರ ದಿನಪತ್ರಿಕೆ, ಅದರ ಮೇಲೆ ಮೂರು ನಾಲ್ಕು ಅಂಗುಲ ತರಗೆಲೆ, ಒಣಹುಲ್ಲು. ಬೆಳಕು ಕಾಣದ ಕಳೆಬೀಜ ಮೇಲೇಳುವುದಿಲ್ಲ. ಕೊನ್ನಾರಿ ಗಡ್ಡೆ ಮಾತ್ರ ಇದಕ್ಕೂ ಜಗ್ಗದು, ಸೂಜಿಯಂಥ ಮೊಳಕೆಯಿಂದ ಕಾಗದ ತೂರಿಕೊಂಡು ಬರುತ್ತದೆ. ಅದಿರುವ ನೆಲದೊಂದಿಗೆ ಮಂಡಿನೋವಿನವರು ಜಿದ್ದಿಗೆ ಬೀಳುವುದು ವ್ಯರ್ಥ. ಬೇರೆ ಮಣ್ಣಿನ ಏರುಮಡಿಗೆ ಹೋಗುವುದು ವಾಸಿ.

ತೋಟವೇ ನೋವು ತರುವ ಸಂದರ್ಭಗಳೂ ಇವೆ. 2006ರ ಚಿಕೂನ್‌ಗುನ್ಯಾ ಹಾವಳಿಯಲ್ಲಿ ದೇಶದಲ್ಲೇ ಅತಿ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದದ್ದು ಕರ್ನಾಟಕದಲ್ಲಿ. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಕೀಲು ಹಿಡಿದುಕೊಂಡವರು ಪ್ರತಿ ಊರಲ್ಲೂ ಇದ್ದರು. ಅದನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಕುಂಡದ ಕೆಳಗಿನ ತಟ್ಟೆ, ಮುಚ್ಚದ ಡ್ರಮ್, ಮೂಲೆಗೆಸೆದ ತೆಂಗಿನ ಚಿಪ್ಪಿನ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು, ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ ತಟ್ಟೆ ಉಜ್ಜಬೇಕು, ಡ್ರಮ್ಮಿಗೂ ಹೂತ ಮಡಕೆಗೂ ಬಟ್ಟೆ ಕಟ್ಟಿ ಮುಚ್ಚಿರಬೇಕು. ಕರಾವಳಿಯಲ್ಲಿ ಮಳೆಗಾಲದ ಮಣ್ಣಿನಿಂದ ಬರುವ ಮೆಲಿಯೊಯ್ಡೋಸಿಸ್ ಎಂಬ ಸೋಂಕು ಸಕ್ಕರೆ ಕಾಯಿಲೆಯವರನ್ನು ಹೆಚ್ಚಾಗಿ ಹಿಡಿಯುತ್ತದೆ. ಅವರಲ್ಲಿ ಹಲವರಿಗೆ ಅಂಗಾಲಿನ ಸ್ಪರ್ಶವೂ ಕುಂದಿರುವುದರಿಂದ ಮುಳ್ಳು ಚುಚ್ಚಿದ್ದು ತಿಳಿಯುವುದಿಲ್ಲ. ಅವರೂ, ಆಮವಾತಕ್ಕೆ ಮೆಥೊಟ್ರೆಕ್ಸೇಟ್ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರೂ ಬರಿಗಾಲಲ್ಲಿ, ಬರಿಗೈಯಲ್ಲಿ ಕೆಸರಿಗಿಳಿಯಬಾರದು. ನೋವಿನ ಗುಳಿಗೆ ನುಂಗಿ ಅಗೆಯಲು ಹೋಗುವ ಅಭ್ಯಾಸವಂತೂ ಬಿಡಲೇಬೇಕಾದ್ದು. ಗುಳಿಗೆ ಎಚ್ಚರಿಕೆಯ ಗಂಟೆಯನ್ನು ಅಡಗಿಸುತ್ತದೆ, ಬಿಸಿಲಲ್ಲಿ ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಡೈಕ್ಲೋಫೆನಾಕ್‌ನಂಥವು ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ.

ಇಷ್ಟೆಲ್ಲ ಮಾಡಿಕೊಂಡರೂ ವರ್ಷಕ್ಕೆ ಎರಡು ಮೂರು ದಿನ ನೋಯುವ ಮೈಯಿಂದ ಆಗದ ಕೆಲಸ ಉಳಿಯುತ್ತದೆ: ಗುಂಡಿ ತೋಡುವುದು, ಗೊಬ್ಬರ ಇಳಿಸುವುದು, ಚಪ್ಪರದ ಕಂಬ ಹುಗಿಯುವುದು. ಕೂಲಿಗೆ ಹಣ ಕೊಡುವುದಾದರೆ ಇವಕ್ಕೇ ಕೊಡಬೇಕು, ಕೊಯ್ಲಿಗಲ್ಲ. ಬಳಗಗಳಿಗೆ ಇನ್ನೊಂದು ದಾರಿಯೂ ಇದೆ, ಮಲೆನಾಡಿನ ಮುಯ್ಯಾಳು. ಇಂದು ಇವರ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವರು ಎಂಬ ಆ ಪದ್ಧತಿಯಲ್ಲಿ ಕೆಲಸಕ್ಕೆ ಕೆಲಸವೇ ಮರುಪಾವತಿ. ಅಗೆಯಲಾಗದವರು ಮುಯ್ಯಿ ತೀರಿಸಲು ಅಗೆಯಲೇಬೇಕೆಂದಿಲ್ಲ. ಟ್ರೇಗಳಲ್ಲಿ ಬೀಜ ಹಾಕಿ ಸಸಿ ಎಬ್ಬಿಸುವುದು, ಬೀಜ ಆರಿಸಿ ಒಣಗಿಸಿ ಬೂದಿ ಬೆರೆಸಿಡುವುದು, ಊರಿಗೆ ಹೋದವರ ಗಿಡಗಳಿಗೆ ನೀರಿನ ನಲ್ಲಿ ತಿರುಗಿಸುವುದು, ಎಲ್ಲ ಮೇಜಿನ ಮುಂದೆ ಕೂತು ಅಥವಾ ನಿಂತು ಆಗುವ ಕೆಲಸಗಳು. ಗಟ್ಟಿ ಮೈಯ ಐದಾರು ಮಂದಿ ಒಂದು ಮನೆಗೆ ಅರ್ಧ ದಿನ ಕೊಟ್ಟರೆ ವರ್ಷದ ಅಗೆತ ಮುಗಿಯುತ್ತದೆ. ಮೇ ತಿಂಗಳ ಕಾದ ನೆಲಕ್ಕೆ ಹಾರೆ ಇಳಿಯುವುದಿಲ್ಲ. ಒಂದೆರಡು ಮುಂಗಾರುಪೂರ್ವ ಮಳೆ ಬಿದ್ದು ಮಣ್ಣು ಮೆದುವಾದ ಮೇಲೆ, ರೋಹಿಣಿ ಮಳೆ ಹಿಡಿಯುವುದರೊಳಗೆ ಸರದಿ ಮುಗಿಸಿದರೆ ಹೀರೆ, ಹಾಗಲ, ಬೆಂಡೆಯ ಬೀಜ ಹಾಕಲು ಹದವಾಗಿರುತ್ತದೆ. ಸರದಿಯಲ್ಲಿ ಮೊದಲ ಮನೆಗಳು ನೋವಿರುವವರದಾಗಿರಲಿ, ಏಕೆಂದರೆ ಅವರ ಬಿತ್ತನೆ ದಿನಕ್ಕೆ ಹದಿನೈದು ನಿಮಿಷದಂತೆ ನಡೆಯಬೇಕು, ಅವರಿಗೆ ಹೆಚ್ಚು ದಿನ ಬೇಕು.